ಮೆಟ್ಟಿಲಿದ್ದಷ್ಟೇ ಗೊಂಬೆ ಇಡು

ಮಿಶಿಗನ್ನಿನಲ್ಲಿ ಮನೆ ಕಟ್ಟುವಾಗ ತಳಪಾಯವನ್ನು 42 ಇಂಚು ಆಳಕ್ಕಾದರೂ ಇಳಿಸಲೇಬೇಕು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಮೇಲುಮೇಲೆ ನಿಲ್ಲಿಸಿದ ಗೋಡೆಯನ್ನು ಎತ್ತಿ ಹಾಕುತ್ತದೆ. ಹೇಗೂ ಅಷ್ಟು ಅಗೆದಾಯಿತು, ಇನ್ನಷ್ಟು ಅಗೆದರೆ ಒಂದು ಅಂತಸ್ತೇ ಸಿಗುತ್ತದಲ್ಲ ಎಂದು ಇಲ್ಲಿನವರು ಬೇಸ್‌ಮೆಂಟ್ ಮಾಡಿಕೊಂಡರು. ನಮ್ಮ ಮನೆಯ ಸಕಲ ತಾಪತ್ರಯಕ್ಕೂ ಮೂಲ ಈ ಬೇಸ್‌ಮೆಂಟೇ ಎಂಬುದು ಪಕ್ಕದ ಮನೆಯ ಅಕ್ಕನ ಅಭಿಪ್ರಾಯ. "ಬಸವನಗುಡೀಲಿ ನಮ್ಮದು ಎರಡು ರೂಮಿನ ಮನೆ, ಮೇಲೊಂದು ಅಟ್ಟ. ಅಟ್ಟ ತುಂಬಿತು ಅಂದ್ರೆ ಮುಗೀತು, ಗಂಡಸರಿಗೆ ತಾನಾಗೇ ಬುದ್ಧಿ ಬರ್ತಿತ್ತು. ಇಲ್ಲಿ ನೋಡಮ್ಮ, ನೆಲದಡಿ ಇನ್ನೊಂದು ಮನೇನೇ ಕೊಟ್ಟುಬಿಟ್ಟಿದ್ದಾರೆ."

ಅಕ್ಕ ಇದನ್ನೆಲ್ಲ ಹೇಳುವುದು ತಂತಿಬೇಲಿಯ ಆ ಬದಿ, ಹೀರೆಬಳ್ಳಿಗೆ ಕೋಲು ಕಟ್ಟುತ್ತ. ಸ್ಟರ್ಲಿಂಗ್ ಹೈಟ್ಸ್ ಎಂದರೆ ಡೆಟ್ರಾಯಿಟ್‌ನ ಉತ್ತರದ ಊರು. ಡಿಕ್ವಿಂಡರ್ ರಸ್ತೆ ದಾಟಿದರೆ ಟ್ರಾಯ್. ಭಾರತೀಯ ಟೆಂಪಲ್, ನಮ್ಮ ಜನ ಹೆಚ್ಚಾಗಿರುವ ಬಡಾವಣೆಗಳು ಎಲ್ಲ ಆ ಕಡೆ. ನಮ್ಮ ಕಡೆ ವ್ಯಾನ್ ಡೈಕ್ ರಸ್ತೆಯ ಕಾರು ಕಾರ್ಖಾನೆಗಳು. ನಮ್ಮ ಬೀದಿಯಲ್ಲಿ ಇರಾಕಿನಿಂದ ಬಂದ ಕ್ಯಾಲ್ಡಿಯನ್ನರು, ಎದುರಿಗೆ ಅಲ್ಬೇನಿಯಾದವರು. ಕನ್ನಡದಲ್ಲಿ ಬೈಯಲು ಬೈಸಿಕೊಳ್ಳಲು ಇರುವುದು ನಾವೆರಡೇ ಮನೆ. ಅದೂ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಆಮೇಲೆ ಹಿಮ ಬಿದ್ದರೆ ಫೋನೇ ಗತಿ, ಫೋನಿನಲ್ಲಿ ಅಕ್ಕನ ಮಾತಿಗೆ ಆ ಖಾರ ಇರುವುದಿಲ್ಲ.

ಬೇಲಿ ಪಂಚಾಯಿತಿಯ ಖಾಯಂ ವಿಷಯ ಲೆಗೋ. ಮಗನದಲ್ಲ, ಮಗನ ಅಪ್ಪನದು. ಮಗ ಹೈಸ್ಕೂಲಿಗೆ ಹೋದವನು ತನ್ನ ಲೆಗೋ ಡಬ್ಬಿ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ಯಾರಿಗಾದರೂ ಕೊಡೋಣವೆಂದು ಕೆಳಗಿಳಿದ ನಮ್ಮನೆಯವರು ಮೇಲೆ ಬರಲಿಲ್ಲ. ಹೊತ್ತಾಯಿತೆಂದು ಹೋಗಿ ನೋಡಿದರೆ ಚಕ್ಕಳಮಕ್ಕಳ ಹಾಕಿ ಕೂತು ಬಣ್ಣಬಣ್ಣದ ಪೀಸುಗಳನ್ನು ಬೇರೆಬೇರೆ ಗುಡ್ಡೆ ಹಾಕುತ್ತಿದ್ದಾರೆ. ಇದು ಮಕ್ಕಳ ಆಟವಲ್ಲವೇ ಎಂದರೆ ಡಬ್ಬಿ ತೋರಿಸುತ್ತಾರೆ. 2020ರಿಂದ ದೊಡ್ಡವರ ಸೆಟ್ಟುಗಳ ಮೇಲೆ ಕಂಪನಿಯೇ 18+ ಎಂದು ಅಚ್ಚು ಹಾಕುತ್ತಿದೆ. ಈ ಸಂಗತಿ ಕೇಳಿದ ದಿನ ಅಕ್ಕ ಬೇಲಿ ಹತ್ತಿರ ಬಂದು ದನಿ ತಗ್ಗಿಸಿದರು. "ಅಯ್ಯೋ, ಅದೇನಮ್ಮ ಅಂಥದ್ದು ಆ ಡಬ್ಬೀಲಿ?"

ಮೊದಲ ಕಟ್ಟುಪಾಡು ದುಡ್ಡಿನದು. ತಿಂಗಳಿಗೆ ಇಷ್ಟೇ ಡಾಲರ್ ಎಂದು ಗೆರೆ ಎಳೆದೆವು. ಗೆರೆಗೆ ಕಾಲು ಬಂತು. ಈ ತಿಂಗಳು ಮಿಕ್ಕಿದ್ದು ಮುಂದಿನ ತಿಂಗಳಿಗೆ ಸೇರುತ್ತದೆ, ಮುಂದಿನ ತಿಂಗಳದ್ದು ಮುಂಗಡವಾಗಿ ಬರುತ್ತದೆ, ಹುಟ್ಟುಹಬ್ಬಕ್ಕೆ ಬಂದ ಗಿಫ್ಟ್ ಕಾರ್ಡು ದುಡ್ಡೇ ಅಲ್ಲ, ಟ್ಯಾಕ್ಸ್ ರಿಫಂಡಂತೂ ದೇವರು ಕೊಟ್ಟದ್ದು. ಮಿಶಿಗನ್ನಿನ 6 ಪರ್ಸೆಂಟ್ ಸೇಲ್ಸ್ ಟ್ಯಾಕ್ಸು ಆ ಗೆರೆಯ ಒಳಗೋ ಹೊರಗೋ ಎನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಲೆಕ್ಕದ ವರಸೆ ಇನ್ನೊಂದಿದೆ. ಈ ಹುಚ್ಚಿನವರಲ್ಲಿ ಪೀಸಿಗೆ 10 ಸೆಂಟ್ ನ್ಯಾಯವಾದ ಬೆಲೆ, ಅದಕ್ಕಿಂತ ಕಡಿಮೆ ಬಿದ್ದರೆ ಲಾಭ ಎಂಬ ಅಂದಾಜು ನಡೆಯುತ್ತದೆ. 2022ರಲ್ಲಿ ಬಂದ ಐಫೆಲ್ ಟವರ್ ಸೆಟ್ಟಿನಲ್ಲಿ 10,001 ಪೀಸು, ಬೆಲೆ 629.99 ಡಾಲರ್. ಅಂದರೆ ಪೀಸಿಗೆ ಆರೂಕಾಲು ಸೆಂಟ್ ಚಿಲ್ಲರೆ. "370 ಡಾಲರ್ ಉಳೀತು ಕಣೇ" ಎಂದು ನಮ್ಮನೆಯವರು ಮುಖ ಅರಳಿಸಿಕೊಂಡು ಬಂದರು. ಸೆಟ್ಟು ದೊಡ್ಡದಾದಷ್ಟೂ ಉಳಿತಾಯ ಜಾಸ್ತಿ! ಅಕ್ಕ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟರು. ಮಿಶಿಗನ್ನಿನಲ್ಲಿ ಸೋಡಾ ಕುಡಿದು ಖಾಲಿ ಕ್ಯಾನ್ ಅಂಗಡಿಗೆ ವಾಪಸು ಕೊಟ್ಟರೆ 10 ಸೆಂಟ್ ಕೊಡುತ್ತಾರೆ, 1978ರಿಂದ ಇರುವ ಕಾನೂನು. "ನಿಮ್ಮ ಯಜಮಾನರಿಗೆ ಹೇಳು, 6,300 ಕ್ಯಾನ್ ಗೋಣಿಚೀಲಕ್ಕೆ ತುಂಬಿ ಹೊತ್ತುಕೊಂಡು ಹೋಗಿ ಮೆಷೀನಿಗೆ ಹಾಕಲಿ, ಆ ದುಡ್ಡಲ್ಲಿ ತರಲಿ. ಆಗ ನಾನೂ ಉಳಿತಾಯ ಅಂತೀನಿ." ಆ ಗೋಪುರದ ಎತ್ತರ 149 ಸೆಂಟಿಮೀಟರ್. ಅಕ್ಕ ಪಕ್ಕದಲ್ಲಿ ನಿಂತು ನೋಡಿ, ತಮಗಿಂತ ಒಂದು ಬೆರಳು ಮಾತ್ರ ಗಿಡ್ಡ ಎಂದು ಹೇಳಿ ಹೋದರು.

ಎರಡನೆಯ ಕಟ್ಟುಪಾಡು ವಿಷಯದ್ದು: ಇನ್ನು ಮುಂದೆ ಕಾರು ಮಾತ್ರ. ಡೆಟ್ರಾಯಿಟ್ ಸೀಮೆಯಲ್ಲಿದ್ದುಕೊಂಡು, ಕಾರಿನ ಬಿಡಿಭಾಗ ಮಾಡುವ ಕಂಪನಿಯ ಸಂಬಳ ಉಣ್ಣುವವರಿಗೆ ಇದಕ್ಕಿಂತ ಒಪ್ಪುವ ಮಿತಿ ಯಾವುದು? 2019ರ ಫೋರ್ಡ್ ಮಸ್ಟಾಂಗ್ ಬಂತು, 1,471 ಪೀಸು. 2022ರ ಫೋರ್ಡ್ ಜಿಟಿ ಬಂತು, 1,466 ಪೀಸು. ಅಲ್ಲಿಗೆ ಸರಿಯೇ. ಆಮೇಲೆ ಬ್ಯಾಟ್‌ಮನ್ನನ ಕಾರು ಬಂತು; ಅದೂ ಕಾರೇ ತಾನೆ. ಅನಂತರ 7,541 ಪೀಸಿನ ಮಿಲೇನಿಯಂ ಫಾಲ್ಕನ್ ಎಂಬ ಗಗನನೌಕೆ, ಕಾರಲ್ಲದಿದ್ದರೂ ವಾಹನ. ಆಮೇಲೆ ಟೈಟಾನಿಕ್: 9,090 ಪೀಸು, ಹತ್ತಿರಹತ್ತಿರ ನಾಲ್ಕೂವರೆ ಅಡಿ ಉದ್ದ. ನೀರಿನ ಮೇಲೆ ಹೋಗುವುದೂ ವಾಹನವೇ ಎಂದು ನಮ್ಮನೆಯವರು ಬೇಲಿ ಹತ್ತಿರ ನಿಂತೇ ವಾದಿಸಿದರು. "ಹೋಗಲಿಲ್ಲವಲ್ಲಪ್ಪ, ಮುಳುಗಿತಲ್ಲ," ಎಂದರು ಅಕ್ಕ.

ಕೊನೆಗೆ ಬಂದದ್ದು ಹೂಡಿಕೆಯ ವಾದ. ಫರ್ನೇಸಿನ ಹಿಂದೆ, ವಾಟರ್ ಹೀಟರಿನ ಪಕ್ಕ ಸೀಲು ಒಡೆಯದ ಡಬ್ಬಿಗಳು ಸಾಲಾಗಿ ನಿಂತವು. ತಯಾರಿಕೆ ನಿಂತ ಸೆಟ್ಟಿಗೆ ಬೆಲೆ ಏರುತ್ತದೆ, ಇದು ಖರ್ಚಲ್ಲ, ನಿವೃತ್ತಿಗೆ ಕೂಡಿಡುವುದು ಎಂದು ಸಮಜಾಯಿಷಿ. ಇದಕ್ಕೆ ಉತ್ತರ ನಮ್ಮ ತಾಜ್ ಮಹಲೇ ಕೊಟ್ಟಿದೆ. 2008ರಲ್ಲಿ ಲೆಗೋ ತಾಜ್ ಮಹಲ್ ಬಂತು, 5,922 ಪೀಸು, 299.99 ಡಾಲರ್. ಅದು ಅಂಗಡಿಯಿಂದ ಮಾಯವಾದ ಮೇಲೆ ಬೆಲೆ ಸಾವಿರಗಳಿಗೆ ಹತ್ತಿತು. ಡಬ್ಬಿ ಬಚ್ಚಿಟ್ಟುಕೊಂಡವರು ಮೀಸೆ ತಿರುವಿಕೊಂಡು ಕೂತಿರುವಾಗಲೇ 2017ರಲ್ಲಿ ಕಂಪನಿ ಅದನ್ನೇ ಮತ್ತೆ ತಂದಿತು: 5,923 ಪೀಸು, 369.99 ಡಾಲರ್. ಒಂದೇ ಪೀಸು ಹೆಚ್ಚಾಯಿತು, ಬಚ್ಚಿಟ್ಟವರ ಡಬ್ಬಿಯ ಬೆಲೆ ಕುಸಿಯಿತು. ಷಹಜಹಾನನೂ ತಾಜ್ ಮಹಲನ್ನು ಲಾಭಕ್ಕೆ ಕಟ್ಟಿಸಿದವನಲ್ಲ, ಬಿಡಿ.

ಊರಿನಲ್ಲಿದ್ದ ಲೇಕ್‌ಸೈಡ್ ಮಾಲ್ 2024ರ ಜುಲೈ 1ಕ್ಕೆ ಬಾಗಿಲು ಹಾಕಿದಾಗ ಒಂದು ದಾರಿ ಮುಚ್ಚಿತೆಂದು ಖುಷಿಪಟ್ಟಿದ್ದೆ. ಆದರೆ ಲೆಗೋ ಅಂಗಡಿ ಇರುವುದು ಟ್ರಾಯ್‌ನ ಸಾಮರ್‌ಸೆಟ್ ಮಾಲಿನಲ್ಲಿ, ದೇವಸ್ಥಾನಕ್ಕೆ ಹೋಗಿ ಬರುವ ದಿಕ್ಕಿನಲ್ಲೇ. ನಮ್ಮನೆಯವರ ಭಕ್ತಿ ಈಚೆಗೆ ಹೆಚ್ಚಾಗಿದೆ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಡಿಸೆಂಬರಿನಲ್ಲಿ ಐದು ಗಂಟೆಗೇ ಹೊತ್ತು ಮುಳುಗುವ ಊರು ಇದು. ದಿನವಿಡೀ ಸ್ಕ್ರೀನು ನೋಡಿ ಬಂದ ಮನುಷ್ಯ ರಾತ್ರಿ ಫೋನು ಮೇಲೆ ಬಿಟ್ಟು ಕೆಳಗೆ ಹೋಗುತ್ತಾರೆ. ಎರಡು ಪೀಸು ಕೂಡಿದಾಗ ಆಗುವ ಟಿಕ್ ಶಬ್ದ ಮೆಟ್ಟಿಲವರೆಗೂ ಕೇಳುತ್ತದೆ. ಕುಡಿತವಲ್ಲ, ಇಸ್ಪೀಟಲ್ಲ, ಷೇರುಪೇಟೆಯೂ ಅಲ್ಲ. ಬಿಡಿಸಬೇಕೆಂದು ನನಗೂ ಇಲ್ಲ. ಎಲ್ಲಿ ನಿಲ್ಲಿಸುವುದು ಎನ್ನುವುದಷ್ಟೇ ಪ್ರಶ್ನೆ.

ಅದಕ್ಕೆ ಉತ್ತರ ಅಕ್ಕನ ಟ್ರಂಕಿನಲ್ಲಿತ್ತು. 2002ರಲ್ಲಿ ಡೆಟ್ರಾಯಿಟ್‌ನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ನಡೆಯುವ ಹೊತ್ತಿಗೆ ನಮ್ಮ ಈ ಅಕ್ಕ ಆಗಲೇ ಇಲ್ಲಿ ಬೇರೂರಿದ್ದರು. ಮದುವೆಯಲ್ಲಿ ತಾಯಿ ಕೊಟ್ಟ ಪಟ್ಟದ ಗೊಂಬೆ, ರಾಜ ರಾಣಿ, ಹಳೆ ವಾಯಿಲ್ ಸೀರೆಯಲ್ಲಿ ಸುತ್ತಿಕೊಂಡು ತಂದವು. ಆಮೇಲೆ ಊರಿಗೆ ಹೋದಾಗಲೆಲ್ಲ ಚನ್ನಪಟ್ಟಣದ ಅರಗು ಬಣ್ಣದ ವಾಲಗದವರು, ಮದುವೆ ದಿಬ್ಬಣ, ಶೆಟ್ಟರ ಅಂಗಡಿ. ಪ್ರತಿ ನವರಾತ್ರಿಗೂ ಫ್ಯಾಮಿಲಿ ರೂಮಿನಲ್ಲಿ ಪ್ಲಾಸ್ಟಿಕ್ ಡಬ್ಬಗಳನ್ನು ಹಂತಹಂತವಾಗಿ ಜೋಡಿಸಿ, ಬಿಳಿ ಪಂಚೆ ಹೊದಿಸಿ, ಗೊಂಬೆ ಕೂರಿಸಲು ಐದು ಮೆಟ್ಟಿಲು ಮಾಡುತ್ತಾರೆ. ಮೂರು, ಐದು, ಏಳು, ಹೀಗೆ ಬೆಸವೇ ಆಗಬೇಕು. ಮೈಸೂರಿನವರು ಒಂಬತ್ತು ಇಡುತ್ತಾರೆಂದು ಕೇಳಿದರೂ ಅಕ್ಕ ಐದರಿಂದ ಮೇಲೆ ಹೋದವರಲ್ಲ.

ಒಂದು ಸಂಜೆ ನಮ್ಮನೆಯವರು ಹುಲ್ಲು ಕತ್ತರಿಸುವ ಮೆಷೀನು ನಿಲ್ಲಿಸಿ ಬೇಲಿಗೆ ಬಂದು ನೇರವಾಗಿ ಕೇಳಿದರು. "ಅಕ್ಕ, ನಿಮ್ಮದೂ ಗೊಂಬೆ ಕೂಡಿಡೋದೇ, ನನ್ನದೂ ಅದೇ. ನಿಮ್ಮದಕ್ಕೆ ಆರತಿ, ನನ್ನದಕ್ಕೆ ಬೈಗುಳ. ಯಾವ ನ್ಯಾಯ?"

ಅಕ್ಕ ನಗಲಿಲ್ಲ. "ನನ್ನ ಗೊಂಬೆ ಮಲಗುತ್ವಪ್ಪ. ವಿಜಯದಶಮಿ ರಾತ್ರಿ ರಾಜ ರಾಣಿನ ಮಲಗಿಸ್ತೀನಿ, ಮಾರನೇ ದಿನ ಎಲ್ಲ ಟ್ರಂಕಿಗೆ. ಟ್ರಂಕು ಒಂದೇ. ನಿನ್ನ ಗೊಂಬೆ ಮಲಗೋದೇ ಇಲ್ಲ. ಮೇಜಿನ ಮೇಲೆ ನಿಂತಿದ್ದು ನಿಂತೇ ಇರುತ್ತೆ, ಹೊಸದಕ್ಕೆ ಹೊಸ ಮೇಜು ಬೇಕು. ಅದೇ ವ್ಯತ್ಯಾಸ."

ಮಾತು ನಾಟಿತು. ಯಾಕೆಂದರೆ ಲೆಗೋ ಹುಟ್ಟಿದ್ದೇ ಬಿಚ್ಚಲಿಕ್ಕೆ. ಡೆನ್ಮಾರ್ಕಿನ ಬಿಲುಂಡ್ ಎಂಬ ಹಳ್ಳಿಯ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಮೊದಮೊದಲು ಆಟಿಕೆ ಮಾಡಿದ್ದು ಮರದಲ್ಲೇ. ಮೇಲೆ ಗುಬುಟು, ಒಳಗೆ ಕೊಳವೆ ಇರುವ ಈಗಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು, ಮಗ ಗಾಟ್‌ಫ್ರೆಡ್‌ನ ಕಾಲದಲ್ಲಿ. ಆ ವರ್ಷದ ಇಟ್ಟಿಗೆ ಇವತ್ತಿನದಕ್ಕೂ ಕೂಡುತ್ತದೆ. ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆಯನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದರೆ ಕಂಪನಿ ಮೊದಲು 10 ಕೋಟಿ 29 ಲಕ್ಷ ಚಿಲ್ಲರೆ ಎನ್ನುತ್ತಿತ್ತು. ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಸರಿಯಾಗಿ ಎಣಿಸಿ 91,51,03,765 ಎಂದು ತೋರಿಸಿದರು. ಆರೇ ಇಟ್ಟಿಗೆಗೆ 91 ಕೋಟಿ ಬಗೆ! ಅಂಥದ್ದರಲ್ಲಿ ಹತ್ತು ಸಾವಿರ ಪೀಸನ್ನು ಪುಸ್ತಕ ನೋಡಿಕೊಂಡು ಒಂದೇ ಒಂದು ಬಗೆಯಲ್ಲಿ ಜೋಡಿಸಿ, ಧೂಳು ಕೂರಲು ಬಿಟ್ಟು, ಇನ್ನೊಂದು ಡಬ್ಬಿಗೆ ಹೊರಡುವುದು ಯಾವ ಜಾಣತನ? ನಿಲ್ಲಿಸಿದ್ದನ್ನು ಬಿಚ್ಚಲು ಮನಸ್ಸು ಬಾರದಿರುವುದೇ ಈ ಹುಚ್ಚಿನ ಬೇರು. ಕೊಳ್ಳುವುದು ಆಮೇಲಿನ ಮಾತು.

ಅಲ್ಲಿಗೆ ಬೇಲಿಯ ಮೇಲೆಯೇ ಒಪ್ಪಂದವಾಯಿತು. ಬೇಸ್‌ಮೆಂಟಿನಲ್ಲಿರುವ ಪಿಂಗ್‌ಪಾಂಗ್ ಮೇಜು, ಒಂಬತ್ತಡಿಗೆ ಐದಡಿ, ಅಷ್ಟೇ ಜಾಗ. ಡಾಲರಿನ ಮಾತೇ ಇಲ್ಲ. ಹೊಸದು ನಿಲ್ಲಬೇಕಾದರೆ ಹಳೆಯದು ಬಿಚ್ಚಬೇಕು. ನಮ್ಮನೆಯವರು ಕೊನೆಯ ದಾಳ ಎಸೆದರು. "ಅಕ್ಕ, ಪ್ರತಿ ವರ್ಷ ಹೊಸ ಗೊಂಬೆ ಒಂದಾದರೂ ಇಡಬೇಕು ಅಂತ ಪದ್ಧತಿ ಉಂಟಲ್ಲ?"

"ಉಂಟು. ಒಂದು. ವರ್ಷಕ್ಕೆ. ನೀನೇ ಹೇಳಿದೆ, ಇನ್ನು ತಿರುಗಿಸೋ ಹಾಗಿಲ್ಲ."

ಹೋದ ದಸರೆಗೆ ಅಕ್ಕನ ಬೇಡಿಕೆಯ ಮೇರೆಗೆ ಜಂಬೂಸವಾರಿ ತಯಾರಾಯಿತು, ಹೊಸ ಸೆಟ್ಟು ತರದೆ. ಫಾಲ್ಕನ್ ಬಿಚ್ಚುವ ದಿನ ಮನೆಯಲ್ಲಿ ಸೂತಕದ ಕಳೆ ಇತ್ತು. ಸೆಟ್ಟಿನ ಜೊತೆಗೇ ಬರುವ ಕಿತ್ತಳೆ ಬಣ್ಣದ ಪುಟ್ಟ ಮೀಟುಗೋಲನ್ನು ಎರಡು ಪೀಸಿನ ಸಂದಿಗೆ ತೂರಿಸಿ ಮೇಲೆತ್ತಿದರೆ ಚಟ್ ಎಂದು ಬಿಡುತ್ತದೆ; ಒಂದೊಂದು ಚಟ್‌ಗೂ ಒಂದೊಂದು ನಿಟ್ಟುಸಿರು. ನೌಕೆಯ ಬೂದು ಪೀಸುಗಳೇ ಆನೆಯಾದವು. ಸೊಂಡಿಲು ಬಾಗಿಸುವುದಕ್ಕೆ ಎರಡು ರಾತ್ರಿ ಹಿಡಿಯಿತು. ಮೊದಲು ಕಟ್ಟಿದ್ದು ನಲ್ಲಿಯ ಹಾಗೆ ಸೆಟೆದು ನಿಂತಿತ್ತು. ಮೈಸೂರಿನ ಅಂಬಾರಿ 750 ಕೆಜಿ ತೂಕದ್ದು, ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದು. ಇಲ್ಲಿ ಮಗನ ಹಳೆ ಡಬ್ಬಿಯ ಹಳದಿ ಪೀಸುಗಳೇ ಚಿನ್ನ. ಮೂಲೆ ಸವೆದಿದ್ದವು, ಒಂದರ ಮೇಲೆ ಹಾಲುಹಲ್ಲಿನ ಗುರುತಿತ್ತು, ಆದರೂ ನಿನ್ನೆ ತಂದವೇನೋ ಎನ್ನುವಂತೆ ಕೂಡಿಕೊಂಡವು. ಅಕ್ಕನ ಮೂರನೆಯ ಮೆಟ್ಟಿಲಲ್ಲಿ, ಚನ್ನಪಟ್ಟಣದ ವಾಲಗದವರ ಹಿಂದೆ ಆನೆ ನಿಂತಿತು. ಎದುರು ಮನೆಯ ಅಲ್ಬೇನಿಯಾದ ಅಜ್ಜಿ ಬಂದು ರಾಜ ರಾಣಿಯನ್ನು ಬಿಟ್ಟು ಆನೆಯ ಫೋಟೋ ಹಿಡಿದುಕೊಂಡು ಹೋದರು. ದಶಮಿ ರಾತ್ರಿ ಅದನ್ನೂ ಬಿಚ್ಚಿದ್ದಾಯಿತು, ಅಕ್ಕ ಮುಂದೆ ನಿಂತು ಬಿಚ್ಚಿಸಿದರು.

ಫರ್ನೇಸಿನ ಹಿಂದಿನ ಡಬ್ಬಿಗಳು ಇನ್ನೂ ಪೂರ್ತಿ ಖಾಲಿಯಾಗಿಲ್ಲ. ಆಡಿ ಮಿಕ್ಕ ಇಟ್ಟಿಗೆಯನ್ನು ಬೇರೆ ಮಕ್ಕಳಿಗೆ ತಲುಪಿಸಲು ಕಂಪನಿಯೇ 2019ರಿಂದ ಅಮೆರಿಕದಲ್ಲಿ ರೀಪ್ಲೇ ಎಂಬ ಏರ್ಪಾಡು ಮಾಡಿದೆ, ಬಿಡಿ ಪೀಸುಗಳ ಒಂದು ಪೆಟ್ಟಿಗೆ ಆ ಕಡೆ ಹೋಯಿತು. ಸೀಲು ಡಬ್ಬಿಗಳ ವಿಚಾರಣೆ ಬೇಲಿಯಲ್ಲಿ ನಡೆದಿದೆ.

ಈ ಸಲದ ನವರಾತ್ರಿಗೆ ನಮ್ಮ ಕಡೆ ಬರುವವರು ಎರಡು ಮನೆಗೂ ಬನ್ನಿ, ಆರತಿ ಉಂಟು, ಮಕ್ಕಳಿಗೆ ಚರುಪು ಉಂಟು. ಆದರೆ ಕೈಬೀಸಿಕೊಂಡು ಬನ್ನಿ. ಉಡುಗೊರೆಯಾಗಿ ಬಂದ ಸೆಟ್ಟು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ ಎಂದು ನಮ್ಮನೆಯವರು ಆಗಲೇ ವಾದ ಹೂಡಿದ್ದಾರೆ, ಅಕ್ಕ ಇನ್ನೂ ತೀರ್ಪು ಕೊಟ್ಟಿಲ್ಲ. ದಮ್ಮಯ್ಯ, ಯಾರೂ ಲೆಗೋ ಮಾತ್ರ ತರಬೇಡಿ.