ಆತ್ಮಸ್ತುತಿಗೆ ಒಂದೇ ಪುಟ

ಬೇಸಿಗೆ ಬಂತೆಂದರೆ ದಿಲ್ಲಿಯ ಕನ್ನಡಿಗರ ಮನೆಗೆ ಎರಡು ಬಗೆಯ ನೆಂಟರು ಬರುತ್ತಾರೆ. ಒಂದು ಬಗೆಯವರು ಹರಿದ್ವಾರ, ಬದರಿಗೆ ಹೊರಟವರು. ಎರಡು ದಿನ ಇದ್ದು, ಬರುವಾಗ ಗಂಗಾಜಲದ ಗಿಂಡಿ ತಂದುಕೊಟ್ಟು ಊರಿನ ರೈಲು ಹತ್ತುತ್ತಾರೆ. ಇನ್ನೊಂದು ಬಗೆಯವರು ಲಾ ಓದುವ ಮಕ್ಕಳು. ಇವರು ನಾಲ್ಕು ವಾರ ಇರುತ್ತಾರೆ. ಸರಿಯಾಗಿ ನಾಲ್ಕೇ ವಾರ ಯಾಕೆಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಹಾಗಿದೆ. ಐದು ವರ್ಷದ ಕೋರ್ಸಿನವರು ಓದು ಮುಗಿಯುವುದರೊಳಗೆ ಒಟ್ಟು 20 ವಾರ, ಮೂರು ವರ್ಷದವರು 12 ವಾರ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಲೇಬೇಕು. ಆದರೆ ಯಾವ ವರ್ಷವೂ ಒಂದೇ ಸಮನೆ ನಾಲ್ಕು ವಾರ ಮೀರುವಂತಿಲ್ಲ. 2008ರ ಈ ನಿಯಮಾವಳಿಗೆ ಆ ಕೊನೆಯ ಮಾತು ಸೇರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವರ ಮನೆಯಲ್ಲೂ ಅಣ್ಣನ ಮಕ್ಕಳು ಬಂದು ಇಳಿದಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ಮನೆ ಪೀತಮ್‌ಪುರದಲ್ಲಿ. ಕರ್ನಾಟಕ ಸಂಘ ಇರುವುದು ಆರ್.ಕೆ. ಪುರಂನಲ್ಲಿ, ಕನ್ನಡ ಶಾಲೆ ಲೋಧಿ ಎಸ್ಟೇಟಿನಲ್ಲಿ. ನಾವು ಅವೆರಡಕ್ಕೂ ಬೆನ್ನು ತಿರುಗಿಸಿ ವಾಯವ್ಯದ ಮೂಲೆ ಸೇರಿಕೊಂಡವರು. ವಿಳಾಸ ಹೇಳುವುದು ಮಾತ್ರ ಸುಲಭ: 1988ರಲ್ಲಿ ಎದ್ದು ನಿಂತ, 235 ಮೀಟರ್ ಎತ್ತರದ ಟಿ.ವಿ. ಟವರು ನಮ್ಮದೇ. ಅದನ್ನು ನೋಡುತ್ತಾ ಬಂದರಾಯಿತು. ಹೀಗೆ ನೋಡುತ್ತಾ ಬಂದವಳು ಧಾರವಾಡದ ನಮ್ಮಣ್ಣನ ಮಗಳು. ಹುಬ್ಬಳ್ಳಿಯ ನವನಗರದಲ್ಲಿರುವ ಕಾನೂನು ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷ. "ಅಲ್ಲವ್ವಾ, 2008ರಿಂದ ಧಾರವಾಡದಾಗ ಹೈಕೋರ್ಟ್ ಪೀಠ ಅದ, 2013ಕ್ಕ ಅದು ಕಾಯಂ ಸೈತ ಆತು. ಮನೀ ಮುಂದಿನ ಹೈಕೋರ್ಟ್ ಬಿಟ್ಟು ದಿಲ್ಲಿಗ್ಯಾಕ?" ಎಂದು ಅಣ್ಣ ಕೇಳಿದ್ದನಂತೆ. "ಅಪ್ಪಾ, ಸಿವಿಯೊಳಗ ದಿಲ್ಲಿ ಇರಬೇಕು" ಎಂದಳಂತೆ. ಅಣ್ಣನಿಗೆ ಸಿವಿ ಎಂದರೆ ಏನೆಂದು ತಿಳಿಯಲಿಲ್ಲ. ತಿಳಿಯದ ವಿಷಯಗಳನ್ನೆಲ್ಲ ನನ್ನ ಮನೆಗೆ ಕಳಿಸುವುದು ಅವನ ಹಳೆಯ ರೂಢಿ.

ಅರ್ಜಿಗಳ ವಿಚಾರದಲ್ಲಿ ನನಗೆ ಒಂದು ಮಟ್ಟದ ಅಹಂಕಾರವಿದೆ. ಸೆಕ್ರೆಟರಿಯೇಟಿನಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತನಾದವನು ನಾನು. ಟಿಪ್ಪಣಿ, ಕರಡು, ಜ್ಞಾಪನ ಇವೇ ನನ್ನ ಸಾಹಿತ್ಯ ಸೇವೆ. ಹುಡುಗಿ ಲ್ಯಾಪ್‌ಟಾಪ್ ತೆರೆದು, ದೊಡ್ಡ ದೊಡ್ಡ ಲಾ ಫರ್ಮುಗಳಿಗೆ ಕವರ್ ಲೆಟರ್ ಬರೆಯಬೇಕು, ಒಂದು ಪುಟ ಮೀರಬಾರದು ಎಂದಾಗ, ಅಡುಗೆಮನೆಯಿಂದ ಚಹಾ ಬರುವುದರೊಳಗೆ ಕರಡು ಸಿದ್ಧ ಮಾಡಿಕೊಟ್ಟೆ. ತಮ್ಮ ಘನ ಸಂಸ್ಥೆಯ ಅಮೂಲ್ಯ ಅವಗಾಹನೆಗೆ ತರಬಯಸುವುದೇನೆಂದರೆ ಎಂದು ಶುರುವಾಗಿ, ಅನುಕಂಪದಿಂದ ಪರಿಶೀಲಿಸಿ ಅನುಗ್ರಹಿಸಬೇಕೆಂದು ಪ್ರಾರ್ಥನೆ ಎಂದು ಮುಗಿಯುವ, ಇಂಗ್ಲಿಷಿನಲ್ಲಿದ್ದರೂ ಶುದ್ಧ ಸರ್ಕಾರಿ ಭಾಷೆಯ ಕರಡು. ಅವಳು ಓದಿದಳು. ಓದಿ, "ಕಾಕಾ, ಇದು ಮಗಳ ಮದವಿಗೆ ಜಿಪಿಎಫ್ ಅಡ್ವಾನ್ಸ್ ಕೇಳಿಧಂಗ ಅದ" ಎಂದಳು.

ತಪ್ಪೇನು ಹೇಳಲಿಲ್ಲ ಅವಳು. ನಮಗೆ ಶಾಲೆಯಲ್ಲಿ ಅರ್ಜಿ ಬರೆಯಲು ಕಲಿಸಿದ್ದೇ ಜ್ವರದ ಮೂಲಕ. ಇಂದ, ಗೆ, ಮಾನ್ಯರೇ, ನನಗೆ ನಿನ್ನೆಯಿಂದ ತೀವ್ರ ಜ್ವರ ಇರುವುದರಿಂದ ಎರಡು ದಿನಗಳ ರಜೆ ದಯಪಾಲಿಸಬೇಕು, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ. ಕರ್ನಾಟಕದಲ್ಲಿ ಈ ಜ್ವರ ಬರದೇ ಏಳನೆಯ ಇಯತ್ತೆ ದಾಟಿದವರಿಲ್ಲ. ಆಮೇಲೆ ಬರೆದವೂ ಅದೇ ಜಾತಿಯವು: ವರ್ಗಾವಣೆ ಬೇಕೆಂದರೆ ತಾಯಿಗೆ ವಯಸ್ಸಾಗಿರಬೇಕು, ಸಾಲ ಬೇಕೆಂದರೆ ಮನೆ ಸೋರುತ್ತಿರಬೇಕು. ಕಷ್ಟ ಹೇಳಿಕೊಳ್ಳುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಈ ಫರ್ಮುಗಳಿಗೆ ಬೇಕಾದದ್ದು ಪೂರ್ತಿ ತಿರುವುಮುರುವು. ನನಗೆ ಜ್ವರವಿಲ್ಲ, ಎಂದೂ ಬಂದಿಲ್ಲ, ಬಂದರೂ ಕೆಲಸ ನಿಲ್ಲಿಸುವವಳಲ್ಲ, ನನ್ನನ್ನು ತೆಗೆದುಕೊಂಡರೆ ಉದ್ಧಾರವಾಗುವವರು ನೀವು ಎಂದು ಬರೆಯಬೇಕು.

ಇದು ನಮ್ಮ ಸಂಸ್ಕಾರಕ್ಕೆ ಒಗ್ಗುವ ಮಾತೇ? ಕರ್ಣಪರ್ವದಲ್ಲಿ ಒಂದು ಪ್ರಸಂಗ ಬರುತ್ತದೆ. ಗಾಂಡೀವವನ್ನು ಹಳಿದವರನ್ನು ಕೊಲ್ಲುತ್ತೇನೆಂಬುದು ಅರ್ಜುನನ ಪ್ರತಿಜ್ಞೆ, ಹಳಿದವನು ಧರ್ಮರಾಯನೇ. ಹಿರಿಯರನ್ನು ಏಕವಚನದಲ್ಲಿ ಬೈದರೆ ಅದು ಕೊಂದ ಹಾಗೇ ಎಂದು ಕೃಷ್ಣ ಉಪಾಯ ಹೇಳುತ್ತಾನೆ. ಅರ್ಜುನ ಬೈಯುತ್ತಾನೆ, ಬೈದ ಪಾಪಕ್ಕೆ ತಾನೇ ಸಾಯಲು ಹೊರಡುತ್ತಾನೆ. ಆಗ ಕೃಷ್ಣ, ಅದಕ್ಕೂ ದಾರಿಯುಂಟು, ನಿನ್ನನ್ನು ನೀನೇ ಹೊಗಳಿಕೋ, ಆತ್ಮಹತ್ಯೆಗೆ ಅದು ಸಮ ಎನ್ನುತ್ತಾನೆ. ನನ್ನ ತಿಳಿವಳಿಕೆಯಲ್ಲಿ ಇದಕ್ಕಿಂತ ಚೊಕ್ಕಟವಾದ ಲೀಗಲ್ ಒಪೀನಿಯನ್ ಯಾವ ಫರ್ಮೂ ಕೊಟ್ಟಿಲ್ಲ. ಆ ಲೆಕ್ಕದಲ್ಲಿ ನಮ್ಮ ಹುಡುಗಿ ನಮ್ಮ ಊಟದ ಮೇಜಿನ ಮೇಲೆ ದಿನಕ್ಕೆ ಐದಾರು ಸಲ ಪ್ರಾಣ ಬಿಡುತ್ತಿದ್ದಳು.

ಪ್ರಾಣ ಬಿಡಲೂ ಅವಳಿಗೆ ಸಂಕೋಚ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವ ಹುಡುಗಿ, ತನ್ನ ಬಗ್ಗೆ ಒಂದು ಸಾಲು ಬರೆಯಲು ಕೂತರೆ ಉಗುರು ಕಡಿಯುತ್ತಿದ್ದಳು. ಕೊನೆಗೆ ಕಂಪ್ಯೂಟರಿನ ಕೃತಕ ಬುದ್ಧಿಯನ್ನೇ ಕೇಳಿದಳು. ಅದಕ್ಕೆ ಸಂಕೋಚವೆಂಬುದಿಲ್ಲ. ದಿವಾಳಿ ಕಾನೂನಿನ ಬಗ್ಗೆ ನನಗೆ ಬಾಲ್ಯದಿಂದಲೂ ಉತ್ಕಟವಾದ ಪ್ರೀತಿ ಎಂದು ಬರೆದುಕೊಟ್ಟಿತು. ಹಿರಿಯ ಅಧಿಕಾರಿಯ ಗತ್ತಿನಲ್ಲಿ ನಾನು ಆಕ್ಷೇಪಣೆ ಎತ್ತಿದೆ: ಈಗಿನ ದಿವಾಳಿ ಸಂಹಿತೆ ಬಂದದ್ದೇ 2016ರಲ್ಲಿ. "ಆವಾಗ ನಾ ಆರನೇ ಇಯತ್ತೆ ಕಾಕಾ, ಬಾಲ್ಯನ ಅಲ್ಲೇನು?" ಎಂದಳು. ವಾದ ಕಾನೂನುಬದ್ಧವಾಗಿತ್ತು. ಸಾಲು ಉಳಿಯಿತು.

ಇನ್ನು ಯಾರಿಗೆ ಕಳಿಸುವುದು ಎಂಬ ಸಮಸ್ಯೆ. ಇದಕ್ಕೆ ದೇಶದ ಫರ್ಮುಗಳ ವಂಶಾವಳಿ ಬಾಯಿಪಾಠವಾಗಿರಬೇಕು. 1917ರಲ್ಲಿ ಶುರುವಾದ ಅಮರ್‌ಚಂದ್ ಮಂಗಲ್‌ದಾಸ್ 2015ರಲ್ಲಿ ಪಾಲಾಯಿತು. ಮುಂಬಯಿಯ ಸಿರಿಲ್ ಶ್ರಾಫ್ ಅವರದು ಒಂದು, ದಿಲ್ಲಿಯ ಶಾರ್ದೂಲ್ ಶ್ರಾಫ್ ಅವರದು ಇನ್ನೊಂದು. ಎರಡು ಹೆಸರಿನಲ್ಲೂ ಅಮರ್‌ಚಂದ್ ಇದ್ದಾರೆ, ಎರಡರಲ್ಲೂ ಮಂಗಲ್‌ದಾಸ್ ಇದ್ದಾರೆ, ಮೊದಲ ಪದ ಮಾತ್ರ ಬೇರೆ. ಒಂದು ಮನೆಗೆ ಬರೆದ ಭಕ್ತಿಪತ್ರದಲ್ಲಿ ಇನ್ನೊಂದು ಮನೆಯ ಹೆಸರು ಉಳಿದುಬಿಟ್ಟರೆ ಏನು ಗತಿ? ಹುಡುಗಿ ಪ್ರತಿ ಸಲ ಕಳಿಸುವ ಮುನ್ನ ನನ್ನ ಹೆಂಡತಿಯನ್ನು ಕರೆದು ಜೋರಾಗಿ ಓದಿಸುತ್ತಿದ್ದಳು. ಪಾಪ, ಆಕೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು "ಸಿರಿಲ್... ಸಿರಿಲ್... ಇಲ್ಲೂ ಸಿರಿಲ್. ಹೂಂ, ಕಳಸು" ಎನ್ನುತ್ತಿದ್ದಳು. ಹುಡುಗಿಯ ಗೆಳತಿಯೊಬ್ಬಳು ಊರಲ್ಲಿರುವ ಫರ್ಮುಗಳನ್ನೆಲ್ಲ ಒಂದೇ ಮೇಲ್‌ನಲ್ಲಿ ಹಾಕಿ, ವಿಳಾಸಗಳು ಎಲ್ಲರಿಗೂ ಕಾಣುವ ಹಾಗೆ, ನಾನು ಕೆಲಸ ಮಾಡಬಯಸುವ ಏಕೈಕ ಸಂಸ್ಥೆ ತಮ್ಮದೇ ಎಂದು ಕಳಿಸಿದ್ದಳಂತೆ. ನನಗೇನೋ ಆ ಹುಡುಗಿ ಮುಂದೆ ಬರುತ್ತಾಳೆ ಅನಿಸಿತು.

ಉತ್ತರಗಳು ಬರುವುದು ಅಪರೂಪ. ಬಂದ ಒಂದೆರಡರಲ್ಲೂ ಸದ್ಯಕ್ಕೆ ಜಾಗವಿಲ್ಲ, ನಿಮ್ಮ ಅರ್ಜಿಯನ್ನು ಮುಂದಿನ ಅವಕಾಶಕ್ಕಾಗಿ ಕಡತದಲ್ಲಿ ಇರಿಸಿಕೊಂಡಿದ್ದೇವೆ ಎಂದಿತ್ತು. ಹುಡುಗಿಗೆ ಆಸೆ ಚಿಗುರಿತು. ಕಡತದಲ್ಲಿ ಇರಿಸುವುದು ಎಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಸರ್ವಿಸಿನ ಉದ್ದಕ್ಕೂ ನಾನು ಮಾಡಿದ್ದು ಅದನ್ನೇ. ಆದರೆ ಊಟದ ಹೊತ್ತಿನಲ್ಲಿ ಹೇಳುವುದು ಬೇಡವೆಂದು ಸುಮ್ಮನಾದೆ.

ಸಮಾಧಾನಕ್ಕೆಂದು ಲಂಡನ್ನಿನ ಕತೆ ಹೇಳಿದೆ. ನನ್ನ ಜೊತೆ ಕೆಲಸ ಮಾಡಿದ ಬಳ್ಳಾರಿಯವರೊಬ್ಬರ ಮಗ ಅಲ್ಲಿ ಸಾಲಿಸಿಟರ್ ಆಗಲು ಹೊರಟಿದ್ದಾನೆ. ಅಲ್ಲಿ ಪರೀಕ್ಷೆ ಪಾಸಾದರೆ ಸಾಲದು, ಎರಡು ವರ್ಷದ ಅನುಭವ ಬೇಕು. ದೊಡ್ಡ ಫರ್ಮುಗಳಲ್ಲಿ ಟ್ರೇನಿಯಾಗಬೇಕೆಂದರೆ ಎರಡು ವರ್ಷ ಮೊದಲೇ ಅರ್ಜಿ ಹಾಕಬೇಕು. ಅಂದರೆ ಇಂದು ಅರ್ಜಿ ಹಾಕಿ, ಆಯ್ಕೆಯಾಗಿ, ಎರಡು ವರ್ಷ ಕಾದು, ಎರಡು ವರ್ಷ ದುಡಿದ ಮೇಲೆ ಸಾಲಿಸಿಟರ್. ನಮ್ಮ ಸಿವಿಲ್ ದಾವೆಗಳ ತಾಳ್ಮೆ ಅವರಿಂದಲೇ ಬಂದ ಬಳುವಳಿ ಇರಬೇಕು. 2021ರಲ್ಲಿ ಹೊಸ ಪರೀಕ್ಷಾ ಪದ್ಧತಿ ತಂದು, ಎರಡು ವರ್ಷದ ಅನುಭವವನ್ನು ನಾಲ್ಕು ಕಡೆಯಿಂದ ಕೂಡಿಸಿಕೊಳ್ಳಬಹುದು ಎಂದು ಸ್ವಲ್ಪ ಸಡಿಲ ಮಾಡಿದ್ದಾರೆ. ಗಾಂಧೀಜಿಯ ಕಾಲದಲ್ಲಿ ಬ್ಯಾರಿಸ್ಟರ್ ಆಗುವವರಿಗೆ ಇಷ್ಟು ಗೋಳಿರಲಿಲ್ಲ. ಪರೀಕ್ಷೆ ಹೇಗಿದ್ದರೂ ಸುಲಭ, ಅದರ ಜೊತೆಗೆ ಇನ್ನರ್ ಟೆಂಪಲ್‌ನಲ್ಲಿ ಗೊತ್ತುಪಡಿಸಿದಷ್ಟು ಊಟ ಮಾಡಿದರೆ ಆಗುತ್ತಿತ್ತು. ಅವರೂ ಮಾಡಿ 1891ರಲ್ಲಿ ಬ್ಯಾರಿಸ್ಟರ್ ಆಗಿ ಬಂದರು.

ಬಂದ ಮೇಲಿನ ಕತೆಯನ್ನು ಹುಡುಗಿ ಬಾಯಿ ಬಿಟ್ಟುಕೊಂಡು ಕೇಳಿದಳು. ಮುಂಬಯಿಯ ಮೊದಲ ಕೇಸಿನಲ್ಲಿ ಎದ್ದು ನಿಂತ ಗಾಂಧಿಗೆ ಮಾತೇ ಹೊರಡಲಿಲ್ಲ. 30 ರೂಪಾಯಿ ಫೀಸು ವಾಪಸು ಕೊಟ್ಟು ಬಂದರು. ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸಲು ಮೇಷ್ಟರು ಬೇಕು, ಸಂಬಳ 75 ರೂಪಾಯಿ ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದರು. ಸಂದರ್ಶನಕ್ಕೆ ಕರೆದರು, ಪದವೀಧರನಲ್ಲ ಎಂದು ಸಾಗಹಾಕಿದರು. ಕೊನೆಗೆ ರಾಜಕೋಟೆಗೆ ಹೋಗಿ ಬೇರೆಯವರಿಗೆ ಅರ್ಜಿ, ಮನವಿ ಬರೆದುಕೊಡತೊಡಗಿದರು. ತಿಂಗಳಿಗೆ ಸರಾಸರಿ 300 ರೂಪಾಯಿ! ಅದೂ ತನ್ನ ಯೋಗ್ಯತೆಯಿಂದಲ್ಲ, ಅಣ್ಣನ ಪಾಲುದಾರ ವಕೀಲರ ಪ್ರಭಾವದಿಂದ ಸಿಕ್ಕ ಕೆಲಸ ಎಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ತಮ್ಮ ಅರ್ಜಿಗೆ ಬೆಲೆ ಸಿಗದವರಿಗೆ ಪರರ ಅರ್ಜಿಗೆ 300.

"ಅಂದ್ರ ವಶೀಲಿ ನಡದದ ಅಂದ್ಹಂಗಾತು" ಎಂದಳು ಹುಡುಗಿ.

ಮರುದಿನವೇ ನಾನು ವಶೀಲಿಗೆ ಹೊರಟೆ. ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ಕೈತಟ್ಟಿ ನಗುವ ಸಂಘವೊಂದಿದೆ. ಅಲ್ಲಿ ಎಲ್ಲರಿಗಿಂತ ಜೋರಾಗಿ ನಗುವವರು ರೋಹಿಣಿ ಕೋರ್ಟಿನ ವಕೀಲರು. ನಗು ಮುಗಿದ ಮೇಲೆ ವಿಷಯ ತೆಗೆದೆ. ಭಾನುವಾರ ಮನೆಗೇ ಬಂದರು. ಹುಡುಗಿ ಸಿವಿ ಕೊಟ್ಟಳು. ಮೂಟ್ ಕೋರ್ಟಿನ ಬಹುಮಾನ, ಮಾದರಿ ವಿಶ್ವಸಂಸ್ಥೆಯಲ್ಲಿ ನಾರ್ವೆ ದೇಶವನ್ನು ಪ್ರತಿನಿಧಿಸಿದ್ದು, ಮಧ್ಯಸ್ಥಿಕೆ ಕಾನೂನಿನ ಮೇಲಿನ ಲೇಖನ ಎಲ್ಲವೂ ಅದರಲ್ಲಿತ್ತು. ವಕೀಲರು ಅದನ್ನು ಮಡಚಿ, ಬಿಸಿ ಚಹಾದ ಲೋಟದ ಕೆಳಗಿಟ್ಟು, ಎರಡೇ ಪ್ರಶ್ನೆ ಕೇಳಿದರು. "ಬೇಟಾ, ಹಿಂದಿ ಕೈಬರಹ ಓದಕ್ಕೆ ಬರುತ್ತಾ? ಸರದಿಯಲ್ಲಿ ನಿಲ್ಲಕ್ಕೆ ಬರುತ್ತಾ?" ಎರಡಕ್ಕೂ ಹೌದೆಂದಳು. ಸೋಮವಾರದಿಂದ ಬಾ ಎಂದರು. ನಾರ್ವೆಯ ಮೇಲೆ ಚಹಾದ ಉಂಗುರ ಮೂಡಿತ್ತು.

ಬಟ್ಟೆಯದೊಂದು ರಗಳೆ ಆಯಿತು. ಹುಡುಗಿ ಊರಿನಿಂದಲೇ ಕಪ್ಪು ಕೋಟು ಹೊಲಿಸಿಕೊಂಡು ಬಂದಿದ್ದಳು. 2022ರಲ್ಲಿ ಶಾಹ್ದರಾ ಕಡೆಯ ವಕೀಲರ ಸಂಘ, ಇಂಟರ್ನ್‌ಗಳು ಕಪ್ಪು ಕೋಟು ಹಾಕಿಕೊಂಡರೆ ವಕೀಲರು ಯಾರು ಮಕ್ಕಳು ಯಾರು ತಿಳಿಯುವುದಿಲ್ಲ ಎಂದು ತಡೆದು, ಅದು ಹೈಕೋರ್ಟಿನವರೆಗೂ ಹೋಗಿತ್ತು. ನಮ್ಮ ವಕೀಲರು ಮಾತ್ರ, "ಕೋಟು ಮನೇಲಿಡು, ನಲವತ್ತೆರಡು ಡಿಗ್ರಿ ಇದೆ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

ಸಂಬಳದ ಮಾತು ಯಾರೂ ಎತ್ತಲಿಲ್ಲ. ಕಿರಿಯ ವಕೀಲರಿಗಾದರೂ ನಗರಗಳಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಎಂದು ಬಾರ್ ಕೌನ್ಸಿಲ್ 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಕಳಿಸಿದೆ, ಅದೂ ಶಿಫಾರಸು ಅಷ್ಟೇ. ಇಂಟರ್ನ್‌ಗಳಿಗೆ ಸಿಗುವುದು ಚಹಾ ಮತ್ತು ಬ್ರೆಡ್ ಪಕೋಡ. ಹುಡುಗಿ ದಿನವೂ ನಕಲು ವಿಭಾಗದ ಮುಂದೆ ಸರದಿ ನಿಂತು ದೃಢೀಕೃತ ಪ್ರತಿ ತಂದಳು, ಮುನ್ಷಿಯ ಹತ್ತಿರ ಕಡತ ಹೊಲಿಯುವುದು ಕಲಿತಳು, ಮುಂದಿನ ತಾರೀಖು ಬರೆದುಕೊಂಡು ಬಂದಳು. ಜಾಮೀನು ಅರ್ಜಿಯೊಂದರ ಕರಡನ್ನೂ ಮಾಡಿದಳು. ಕಕ್ಷಿದಾರ ಯಾರೋ ಬ್ಯಾಟರಿ ಕದ್ದ ಆರೋಪದವನು. ಮುದಿ ತಾಯಿ, ಮನೆಯಲ್ಲಿ ಇವನೊಬ್ಬನೇ ದುಡಿಯುವವನು, ತನಿಖೆಗೆ ಸಹಕರಿಸುತ್ತಾನೆ ಎಂದೆಲ್ಲ ಒಂದೇ ಉಸಿರಿಗೆ ಬರೆದಳಂತೆ. ಉಗುರು ಕಡಿಯಲಿಲ್ಲ.

ಕೊನೆಯ ದಿನ ಸರ್ಟಿಫಿಕೇಟು ಕೇಳಿದಾಗ ವಕೀಲರು, "ನೀನೇ ಬರ್ಕೊಂಡು ಬಾ ಬೇಟಾ, ನಾನು ಸೀಲು ಹಾಕ್ತೀನಿ" ಎಂದರು. ಅಂದು ರಾತ್ರಿ ಮತ್ತೆ ಲ್ಯಾಪ್‌ಟಾಪ್ ತೆರೆಯಿತು. ನಾನು ಪೆನ್ನು ಹಿಡಿದು ಪಕ್ಕದಲ್ಲಿ ಕೂತೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಎಂಬಲ್ಲೆಲ್ಲ ಈಕೆ ಎಂದು ಹಾಕಿದ್ದೇ ತಡ, ಬೆರಳು ಓಡತೊಡಗಿತು. ಈಕೆಯ ಕಾನೂನು ಜ್ಞಾನ, ಈಕೆಯ ಶಿಸ್ತು, ಈಕೆಯ ಸೂಕ್ಷ್ಮ ದೃಷ್ಟಿ. ಒಂದು ಪುಟ ತುಂಬಿ ಎರಡನೆಯದಕ್ಕೆ ಹರಿಯಿತು.

ಮರುದಿನ ವಕೀಲರು ಕನ್ನಡಕ ಏರಿಸಿಕೊಂಡು ಅದನ್ನು ಕೊನೆಯವರೆಗೆ ಓದಿದರಂತೆ. "ಇಂಥ ಹುಡುಗಿ ನನ್ನ ಚೇಂಬರಿನಲ್ಲಿ ಇದ್ದಳಾ?" ಎಂದು ಮುನ್ಷಿಯನ್ನು ಕೇಳಿದರಂತೆ. ಒಂದಕ್ಷರವನ್ನೂ ಹೊಡೆಯಲಿಲ್ಲ. ಕೆಳಗೆ ತಮ್ಮ ಕೈಯಾರೆ, ಈಕೆ ಸರದಿಯಲ್ಲಿ ಬಹಳ ಚೆನ್ನಾಗಿ ನಿಲ್ಲುತ್ತಾಳೆ ಎಂದು ಸೇರಿಸಿ ಸೀಲು ಒತ್ತಿದರು. ಆ ಸಾಲನ್ನು ಸ್ಕ್ಯಾನ್ ಮಾಡುವಾಗ ಬಿಡಬೇಕೋ ಇಡಬೇಕೋ ಎಂಬ ಬಗ್ಗೆ ಧಾರವಾಡಕ್ಕೂ ಪೀತಮ್‌ಪುರಕ್ಕೂ ನಡುವೆ ಇನ್ನೂ ಫೋನಿನಲ್ಲಿ ವಾದ ನಡೆದಿದೆ. ಇಡಬೇಕೆಂಬುದು ನನ್ನ ಪಕ್ಷ.