ಪುಲಕೇಶಿಗೊಂದು ತತ್ತಿ
ನಮ್ಮ ಪಂಜರದಲ್ಲಿ ಹಸಿರು ಬಣ್ಣದವನು ಪುಲಕೇಶಿ, ನೀಲಿಯವನು ಮಂಗಲೇಶ. ಬಾದಾಮಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು ಟಾಮಿ, ಪಿಂಕಿ ಅಂತ ಕರೆಯಲು ಬಾಗಲಕೋಟೆಯವರಿಗೆ ಮನಸ್ಸಾದರೂ ಹೇಗೆ ಬಂದೀತು? ಹೆಸರು ಇಟ್ಟದ್ದೇ ತಡ, ಇತಿಹಾಸದ ಆ ಚಿಕ್ಕಪ್ಪ, ಅಣ್ಣನ ಮಗನಂತೆಯೇ ಇಬ್ಬರೂ ನವಣೆ ಬಟ್ಟಲಿಗಾಗಿ ಯುದ್ಧಕ್ಕೆ ನಿಂತರು. ಇಂಥವನ್ನು ಊರೆಲ್ಲ ಲವ್ ಬರ್ಡ್ಸ್ ಅನ್ನುತ್ತದೆ! ನಿಜವಾದ ಲವ್ ಬರ್ಡ್ಸ್ ಆಫ್ರಿಕಾದವು. ಇವು ಆಸ್ಟ್ರೇಲಿಯಾದ ಬಡ್ಜಿಗಳು.

ನವಣೆ ತಿನ್ನುವುದನ್ನು ಇವರಿಂದಲೇ ಕಲಿಯಬೇಕು. ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ಹೊಟ್ಟನ್ನಷ್ಟೇ ಉಗುಳಿ, ತೌಡಿನ ಸಮೇತ ನುಂಗುತ್ತಾರೆ. ಬಿ1 ಜೀವಸತ್ವ ಹೆಚ್ಚಾಗಿ ಇರುವುದು ಆ ತೌಡಿನಲ್ಲೇ. ಸುಮಾರು 1890ರಲ್ಲಿ ಜಾವಾದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತದ್ದನ್ನೂ ತೌಡುಳ್ಳ ಅಕ್ಕಿ ಹಾಕಿದಾಗ ಅವು ಎದ್ದು ಓಡಾಡಿದ್ದನ್ನೂ ನೋಡಿದ. 1929ರಲ್ಲಿ ಅವನಿಗೆ ನೊಬೆಲ್ ಬಂತು. ನಾನಾದರೋ ಅದೇ ನವಣೆಯನ್ನು ಬೆಳ್ಳಗೆ ಪಾಲಿಶ್ ಮಾಡಿಸಿದ್ದನ್ನು ದುಬಾರಿ ಪ್ಯಾಕೆಟ್ಟಿನಲ್ಲಿ ತಂದು ಉಂಡು, ಮೇಲೊಂದು ಬಿ-ಕಾಂಪ್ಲೆಕ್ಸ್ ಗುಳಿಗೆ ನುಂಗುವ ಜಾಣ.

ತಕರಾರು ಎದ್ದದ್ದು ಬಿ2ರಿಂದ. ಅದು ಕಾಳುಗಳಲ್ಲಿ ಕಡಿಮೆ. ಕೊರತೆಯಾದರೆ ಮರಿಗಳ ನರ ಕೆಟ್ಟು ಕಾಲ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತವೆ, ಕೊಂಬೆ ಹಿಡಿಯಲಾಗುವುದಿಲ್ಲ. ನೀರಿಗೆ ವಿಟಮಿನ್ ಹನಿ ಹಾಕಿರೆಂದರು ಪಕ್ಕದ ಮನೆಯವರು. ಆದರೆ ಬಿ2 ಬೆಳಕಿಗೆ ಬಿದ್ದರೆ ಹಾಳಾಗುತ್ತದೆ. ನಮ್ಮೂರಿನ ಬಿಸಿಲಲ್ಲಿ ಮನುಷ್ಯರೇ ಉಳಿಯುವುದು ಕಷ್ಟ. ಪಶುವೈದ್ಯರು ಸೊಪ್ಪು ಕೊಡಿ ಎಂದರು, ಜೊತೆಗೆ ಕುದಿಸಿದ ತತ್ತಿ, ಬಟಾಣಿ ಕಾಳಿನಷ್ಟು, ವಾರಕ್ಕೊಮ್ಮೆ.

ಹಕ್ಕರಕಿ ಸೊಪ್ಪಿಗೆ ಯಾರದೂ ಅಡ್ಡಿಯಿರಲಿಲ್ಲ. ತತ್ತಿ ಅಂದೊಡನೆ ಅವ್ವ ಸಟುಗ ಕೆಳಗಿಟ್ಟಳು.

“ಐಹೊಳೆ ಶಾಸನ ಬರದ ರವಿಕೀರ್ತಿ ಜೈನನೋ ಅಲ್ಲೋ? ಅಂಥವಗ ಆಶ್ರಯ ಕೊಟ್ಟಾಂವ ಪುಲಕೇಶಿ. ಅವನ ಹೆಸರಿಟ್ಟು ತತ್ತಿ ತಿನಸ್ತೀಯೇನು?”

ಹುನಗುಂದ ತವರಿನವಳಿಗೆ ಐಹೊಳೆಯ ಇತಿಹಾಸ ನಾನು ಹೇಳಿಕೊಡಬೇಕಾಗಿಲ್ಲ. ಕೊನೆಗೆ ಒಪ್ಪಂದವಾಯಿತು: ಮಾಳಿಗೆ ಮೇಲೆ, ಬೇರೆ ಒಲೆ, ಬೇರೆ ಬೋಗುಣಿ. ಉಸ್ತುವಾರಿಯನ್ನು ಅಪ್ಪ ತಾವಾಗಿಯೇ ವಹಿಸಿಕೊಂಡರು. ಬಿ12 ಕಡಿಮೆಯಾಗಿ ಪಾದ ಜೋಮು ಹಿಡಿಯುತ್ತಿದ್ದ ಮನುಷ್ಯ, ಮೆಟ್ಟಿಲನ್ನು ಸರಸರನೆ ಹತ್ತಿದ್ದು ನೋಡಿ ನನಗೇ ಆಶ್ಚರ್ಯ.

ಎರಡು ಬಡ್ಜಿಗಳಿಗೆ ಎರಡು ಬಟಾಣಿಯಷ್ಟು ಸಾಕು. ಉಳಿದ ತತ್ತಿ ಎಲ್ಲಿ ಹೋಗುತ್ತದೆಂದು ಅವ್ವ ಇನ್ನೂ ಕೇಳಿಲ್ಲ. ಮೊನ್ನೆ ಅಪ್ಪ ಮೀಸೆ ಒರೆಸಿಕೊಳ್ಳುತ್ತ ಇಳಿದು ಬಂದು ಬಹಳ ಕಾಳಜಿಯಿಂದ ವಿಚಾರಿಸಿದರು:

“ಪಾಪ, ಸಣ್ಣ ಜೀವ. ವಾರಕ್ಕ ಮೂರು ಸಲ ಕೊಟ್ಟರ ಡಾಕ್ಟರು ಬ್ಯಾಡಂತಾರೇನು?”