ಎರಡನೆಯ ಗಾರ್ಡು ಯಾರು?

ಇಂಡಿಯಾನಾದಲ್ಲಿ ಯಾರೊಡನೆಯಾದರೂ ಹವೆಯ ಮಾತು ತೆಗೆದರೆ ಎರಡು ನಿಮಿಷಕ್ಕೆ ಮುಗಿಯುತ್ತದೆ. ಮೆಕ್ಕೆಜೋಳದ ಫಸಲಿನ ಮಾತನ್ನು ಐದು ನಿಮಿಷ ಎಳೆಯಬಹುದು. ಆದರೆ ‘ಈ ರಾಜ್ಯದಲ್ಲೇ ಬೆಳೆದ ಹುಡುಗರ ಪೈಕಿ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಮಿಂಚಿದ ಗಾರ್ಡು ಯಾರು?’ ಎಂದು ಬಾಯಿ ತಪ್ಪಿ ಕೇಳಿದಿರೋ, ಅವತ್ತಿನ ಕೆಲಸ ಅಲ್ಲಿಗೇ ನಿಂತಿತೆಂದು ಲೆಕ್ಕ. ಹಾಲು ತರಲು ಹೋದವನು ಹಾಲು ಮರೆತು ಬಂದು ಬೈಸಿಕೊಂಡ ಉದಾಹರಣೆಗೆ ದೂರ ಹೋಗಬೇಕಿಲ್ಲ, ನಮ್ಮ ಮನೆಯಲ್ಲೇ ಇದೆ.

ನಾನು ಕ್ಷೌರಕ್ಕೆ ಹೋಗುವ ಅಂಗಡಿಯೇ ಈ ವಾದದ ಹೈಕೋರ್ಟು. ಮೂರು ಕುರ್ಚಿ, ಕತ್ತರಿ ಹಿಡಿಯುವವನು ಒಬ್ಬನೇ. ಉಳಿದೆರಡು ಕುರ್ಚಿಗಳಲ್ಲಿ ಕೂದಲು ಕತ್ತರಿಸಿಕೊಳ್ಳುವ ಉದ್ದೇಶವೇ ಇಲ್ಲದ ಇಬ್ಬರು ನಿವೃತ್ತರು ಸದಾ ಕೂತಿರುತ್ತಾರೆ. ಒಬ್ಬರು ಬ್ಲೂಮಿಂಗ್ಟನ್ನಿನ ಇಂಡಿಯಾನಾ ವಿಶ್ವವಿದ್ಯಾಲಯದ ಪಕ್ಷ. ಇನ್ನೊಬ್ಬರು ವೆಸ್ಟ್ ಲಾಫಯೆಟ್ಟಿನ ಪರ್ಡ್ಯೂ ಪಕ್ಷ. ಒಬ್ಬರ ಮುಖ ಒಬ್ಬರು ನೋಡದೆ ಅವರಿಗೆ ಬೆಳಗಾಗುವುದಿಲ್ಲ, ನೋಡಿದ ಮೇಲೆ ಜಗಳವಾಡದೆ ಮಧ್ಯಾಹ್ನವಾಗುವುದಿಲ್ಲ. ನನ್ನ ತಲೆಯಲ್ಲಿ ಈಗ ಉಳಿದಿರುವ ಕೂದಲಿಗೆ ಹತ್ತು ನಿಮಿಷ ಧಾರಾಳ. ಆದರೆ ರಿಕ್ ಮೌಂಟ್ ಹೆಸರು ಯಾರ ಬಾಯಲ್ಲಾದರೂ ಬಂತೋ, ಅಂಗಡಿಯಾತನ ಕತ್ತರಿ ನಿಂತುಬಿಡುತ್ತದೆ. ಬಾಚಣಿಗೆ ಹಿಡಿದ ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ಮೊಣಕೈ ನೇರ ಮಾಡಿ, ಮಣಿಕಟ್ಟನ್ನು ಮುಂದಕ್ಕೆ ಬಾಗಿಸಿ, ಬಾಚಣಿಗೆ ನೆಲ ನೋಡುವಂತೆ ಇಳಿಬಿಟ್ಟು ನಿಲ್ಲುತ್ತಾನೆ. ಚೆಂಡು ಬಲೆಗೆ ಬಿದ್ದ ಸದ್ದು ಅವನ ಕಿವಿಗೆ ಕೇಳಿಸಿದ ಮೇಲೆಯೇ ಆ ಕೈ ಕೆಳಗಿಳಿಯುವುದು. ಅಲ್ಲಿಯವರೆಗೆ ನಾನು ಬಲಗಿವಿಯ ಮೇಲೆ ಕತ್ತರಿಸಿದ, ಎಡಗಿವಿಯ ಮೇಲೆ ಕತ್ತರಿಸದ ಅವಸ್ಥೆಯಲ್ಲಿ ಕನ್ನಡಿ ನೋಡುತ್ತಾ ಕೂತಿರಬೇಕು.

ಗಾರ್ಡುಗಳ ಮೇಲೆಯೇ ಯಾಕಿಷ್ಟು ಮೋಹ ಎಂದು ನನಗೂ ಮೊದಮೊದಲು ಅನ್ನಿಸುತ್ತಿತ್ತು. ತಂಡದ ಐವರಲ್ಲಿ ಬುಟ್ಟಿಯ ಕೆಳಗೆ ನಿಂತು ತಳ್ಳಾಡುವವರು ಆನೆಗಾತ್ರದವರು. ಚೆಂಡನ್ನು ಪುಟಿಸುತ್ತಾ ತರುವುದು, ಯಾರಿಗೆ ಕೊಡಬೇಕೆಂದು ಕಣ್ಣಲ್ಲೇ ಅಳೆಯುವುದು, ಯಾರಿಗೂ ಕೊಡಲಾಗದಿದ್ದರೆ ದೂರದಿಂದ ತಾವೇ ಎಸೆಯುವುದು ಗಾರ್ಡುಗಳ ಪಾಲು. ಏಳಡಿ ಬೆಳೆಯುವುದು ಹಣೆಬರಹದ ಮಾತು, ಅದಕ್ಕೆ ಯಾರೂ ಏನೂ ಮಾಡಲಾಗದು. ಆರಡಿಯ ಆಸುಪಾಸಿನಲ್ಲಿ ನಿಂತುಹೋದ ಹುಡುಗನಿಗೆ ಉಳಿದಿರುವ ಜಾಗ ಗಾರ್ಡಿನದೊಂದೇ, ಅದನ್ನು ದುಡಿದು ಗಳಿಸಬಹುದು. ಹಾಗಾಗಿ ಇಲ್ಲಿ ಗ್ಯಾರೇಜಿನ ನೆತ್ತಿಯಲ್ಲಿ ಕಬ್ಬಿಣದ ಬಳೆಯಿಲ್ಲದ ಮನೆ ಅಪರೂಪ. ಜನವರಿಯಲ್ಲಿ ಕಾರು ಹೊರಡಲು ಹಿಮ ಎತ್ತದವರೂ ಬಳೆಯ ಕೆಳಗಿನ ಹಿಮ ಎತ್ತಿರುತ್ತಾರೆ.

ಈ ಪರಂಪರೆಗೆ ಮೂಲಪುರುಷನೂ ಇದ್ದಾನೆ. ಜಾನ್ ವುಡನ್, 1910ರಲ್ಲಿ ಹುಟ್ಟಿದವನು, ಸೆಂಟರ್ಟನ್ ಎಂಬ ಕುಗ್ರಾಮದ ರೈತನ ಮಗ. ಅಪ್ಪ ಟೊಮೆಟೊ ಬುಟ್ಟಿಯೊಂದರ ತಳ ಕಿತ್ತು ಹುಲ್ಲಿನ ಅಟ್ಟದ ಗೋಡೆಗೆ ಮೊಳೆ ಹೊಡೆದುಕೊಟ್ಟ. ಅಮ್ಮ ತನ್ನ ಹಳೆಯ ಹತ್ತಿ ಕಾಲುಚೀಲಕ್ಕೆ ಚಿಂದಿ ತುರುಕಿ ಹೊಲಿದು ಚೆಂಡು ಮಾಡಿಕೊಟ್ಟಳು. ಚಿಂದಿ ಚೆಂಡು ಪುಟಿಯುವುದಿಲ್ಲವಲ್ಲ ಎಂದು ನಾನೊಮ್ಮೆ ಅಂಗಡಿಯಲ್ಲಿ ಅಂದೆ. ‘ಅದಕ್ಕೇ ಅವನು ಪಾಸ್ ಕೊಡುವುದನ್ನು ಕಲಿತ’ ಎಂದರು ಪರ್ಡ್ಯೂ ರಾಯರು, ನನ್ನ ಅಜ್ಞಾನಕ್ಕೆ ಮರುಗುತ್ತಾ. ವುಡನ್ 1927ರಲ್ಲಿ ಮಾರ್ಟಿನ್ಸ್‌ವಿಲ್ ಹೈಸ್ಕೂಲಿಗೆ ರಾಜ್ಯ ಪ್ರಶಸ್ತಿ ಗೆದ್ದುಕೊಟ್ಟು, ಪರ್ಡ್ಯೂ ಸೇರಿ, ಮೂರು ವರ್ಷ ದೇಶದ ಅತ್ಯುತ್ತಮ ಐವರಲ್ಲಿ ಒಬ್ಬನೆನಿಸಿಕೊಂಡ. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಯುಸಿಎಲ್‌ಎ ತಂಡದ ತರಬೇತುದಾರನಾಗಿ ಹತ್ತು ಬಾರಿ ರಾಷ್ಟ್ರ ಪ್ರಶಸ್ತಿ ಗೆದ್ದ. ಅದರಲ್ಲೊಂದು, 1969ರದ್ದು, ಪರ್ಡ್ಯೂವನ್ನೇ 92–72ರಿಂದ ಬಡಿದು ಗೆದ್ದದ್ದು. ಈ ಭಾಗ ಬಂದಾಗ ರಾಯರು ಪತ್ರಿಕೆ ಎತ್ತಿ ಮುಖಕ್ಕೆ ಹಿಡಿಯುತ್ತಾರೆ.

ಆ ದಿನ ಸೋತ ಪರ್ಡ್ಯೂ ತಂಡದಲ್ಲಿದ್ದವನೇ ಬಾಚಣಿಗೆಯನ್ನು ಆಕಾಶಕ್ಕೇರಿಸುವ ರಿಕ್ ಮೌಂಟ್. ಲೆಬನನ್ ಎಂಬ ಊರಿನ ಹುಡುಗ. 1966ರಲ್ಲಿ ಇನ್ನೂ ಹೈಸ್ಕೂಲಿನಲ್ಲಿರುವಾಗಲೇ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟಕ್ಕೆ ಬಂದವನು. 1970ರಲ್ಲಿ ಅಯೋವಾ ವಿರುದ್ಧದ ಒಂದೇ ಪಂದ್ಯದಲ್ಲಿ 61 ಅಂಕ ಹೊಡೆದ. ದೂರದಿಂದ ಹಾಕಿದ ಬುಟ್ಟಿಗೆ ಮೂರು ಅಂಕವೆಂಬ ನಿಯಮ ಆಗ ಇರಲಿಲ್ಲ, ಎಲ್ಲಿಂದ ಹಾಕಿದರೂ ಎರಡೇ. ಆ ಎರಡೆರಡರಲ್ಲೂ ಫ್ರೀ ಥ್ರೋಗಳ ಒಂದೊಂದರಲ್ಲೂ 61. ‘ಪಂದ್ಯ ಯಾರು ಗೆದ್ದರು ಅಂತ ಕೇಳಿ’ ಎಂದು ಬ್ಲೂಮಿಂಗ್ಟನ್ ಪಕ್ಷದವರು ನನಗೆ ಕಣ್ಸನ್ನೆ ಮಾಡುತ್ತಾರೆ. ಅಯೋವಾ ಗೆದ್ದಿತ್ತು, 108–107. ಹೋಗಲಿ, ಯುಸಿಎಲ್‌ಎ ವಿರುದ್ಧದ ಆ ಫೈನಲ್ಲಿನಲ್ಲಿ ಎಷ್ಟು ಎಸೆದ, ಎಷ್ಟು ಬಿತ್ತು? 36ಕ್ಕೆ 12. ಈ ಲೆಕ್ಕ ಹೇಳುವಾಗ ಅವರಿಗೆ ಮಾತ್ರೆ ತೆಗೆದುಕೊಳ್ಳುವ ಹೊತ್ತೂ ಮರೆತುಹೋಗುತ್ತದೆ.

ಇಷ್ಟೆಲ್ಲ ಕಾದಾಟವೂ ಎರಡನೆಯ ಸ್ಥಾನಕ್ಕೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಮೊದಲ ಸ್ಥಾನ ಆಸ್ಕರ್ ರಾಬರ್ಟ್‌ಸನ್‌ನದು. ಅದರಲ್ಲಿ ತಕರಾರಿಲ್ಲ, ತಕರಾರಿಲ್ಲದ್ದರಿಂದ ರುಚಿಯೂ ಇಲ್ಲ. ಅವನ ಹೆಸರು ಬಂದಾಗ ಮೂವರೂ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ನನಗೆ ಮಾತ್ರ ಅಲ್ಲೇ ನಿಲ್ಲಬೇಕೆನ್ನಿಸುತ್ತದೆ. ಆಸ್ಕರ್ ಹುಟ್ಟಿದ್ದು ಟೆನೆಸಿಯಲ್ಲಿ. ಎಳವೆಯಲ್ಲೇ ಇಂಡಿಯಾನಾಪೊಲಿಸ್‌ಗೆ ಬಂದು, ಕಪ್ಪು ಜನರ ಮಕ್ಕಳನ್ನು ಪ್ರತ್ಯೇಕವಾಗಿಡಲೆಂದು ಕಟ್ಟಿದ್ದ ಕ್ರಿಸ್ಪಸ್ ಆ್ಯಟಕ್ಸ್ ಹೈಸ್ಕೂಲಿನಲ್ಲಿ ಓದಿದ. 1955ರಲ್ಲಿ, ಮತ್ತೆ 1956ರಲ್ಲಿ, ಶಾಲೆಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟ. ಎರಡನೆಯ ಸಲ ಒಂದು ಪಂದ್ಯವನ್ನೂ ಸೋಲದೆ. ಗೆದ್ದ ತಂಡ ಅಗ್ನಿಶಾಮಕ ಗಾಡಿ ಏರಿ ಊರ ನಡುವಿನ ಸ್ಮಾರಕ ವೃತ್ತದಲ್ಲಿ ಸಂಭ್ರಮಿಸುವುದು ವಾಡಿಕೆ. 1955ರಲ್ಲಿ ಈ ಹುಡುಗರ ಗಾಡಿಯನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಗೊಡದೆ, ಅವರ ಜನ ವಾಸಿಸುವ ಕಡೆಯ ಪಾರ್ಕಿಗೆ ಕಳಿಸಿದರು. ಅಲ್ಲಿ ಹೋಗಿ ಕುಣಿದುಕೊಳ್ಳಿ ಎಂದ ಹಾಗೆ. ಆಸ್ಕರ್ ಕಾಲೇಜಿಗೆ ಪಕ್ಕದ ಒಹಾಯೋದ ಸಿನ್ಸಿನಾಟಿಗೆ ಹೋದ. ಅಲ್ಲಿ ಪಂದ್ಯಕ್ಕೆ ಸರಾಸರಿ 33.8 ಅಂಕದಂತೆ ಹೊಡೆದು, ಮೂರು ವರ್ಷವೂ ದೇಶದಲ್ಲಿ ಮೊದಲಿಗನಾದ.

ಈಗ ಎಲ್ಲರಿಗೂ ಅವನು ‘ನಮ್ಮವನು’. ಆ ಸಂಜೆ ವೃತ್ತದಿಂದ ಗಾಡಿ ತಿರುಗಿಸಿದಾಗ ಈ ‘ನಮ್ಮ’ ಎಲ್ಲಿ ಹೋಗಿತ್ತು ಎಂದು ನಾನು ಒಂದು ಸಲ ಕೇಳಿದೆ. ಕತ್ತರಿ ಮತ್ತೆ ನಿಂತಿತು, ಈ ಸಲ ಬಾಚಣಿಗೆ ಮೇಲಕ್ಕೇರಲಿಲ್ಲ. ‘ನಮ್ಮಪ್ಪನ ಕಾಲ ಅದು’ ಎಂದು ಅಂಗಡಿಯಾತ ನನ್ನ ಎಡಗಿವಿಯ ಕಡೆಗೆ ಬಂದ.

ಯಾರು ನಮ್ಮವರು ಎಂಬ ಪ್ರಶ್ನೆ ಎತ್ತಿದಾಗಲೆಲ್ಲ ಪಟ್ಟಿ ಹೀಗೆ ಅಲುಗಾಡುತ್ತದೆ. ಹುಟ್ಟಿದ ಊರು ಲೆಕ್ಕಕ್ಕೆ ತೆಗೆದುಕೊಂಡರೆ ಆಸ್ಕರನೇ ಹೊರಗೆ. ಇಲ್ಲೇ ಬೆಳೆದ ಗಾರ್ಡು ಮೈಕ್ ಕಾನ್ಲಿಯೂ ಹೊರಗೆ, ಅವನು ಹುಟ್ಟಿದ್ದು ಅರ್ಕನ್ಸಾದಲ್ಲಿ. ಇಂದೋರಿನಲ್ಲಿ ಹುಟ್ಟಿದ ದ್ರಾವಿಡ್‌ನನ್ನು ನಾವು ಬೆಂಗಳೂರಿಗರು ಯಾವತ್ತೂ ಜನನ ಪ್ರಮಾಣಪತ್ರ ಕೇಳಿದವರಲ್ಲವಾದ್ದರಿಂದ, ಬೆಳೆದ ಊರೇ ಊರು ಎಂಬ ಪಕ್ಷಕ್ಕೆ ನನ್ನ ಮತ. ಅದರಿಂದಲೂ ಜಗಳ ತೀರುವುದಿಲ್ಲ, ಯಾಕೆಂದರೆ ಬೆಳೆದವರು ನಿಲ್ಲುವುದಿಲ್ಲ. ಪ್ಲಿಮತ್ ಎಂಬ ಸಣ್ಣ ಊರಿಗೆ 1982ರ ಫೈನಲ್ಲಿನಲ್ಲಿ 39 ಅಂಕ ಹೊಡೆದು ಪ್ರಶಸ್ತಿ ಕೊಡಿಸಿದ ಸ್ಕಾಟ್ ಸ್ಕೈಲ್ಸ್ ಹೋದದ್ದು ಮಿಶಿಗನ್ ಸ್ಟೇಟ್‌ಗೆ. ಕಾನ್ಲಿ ಒಹಾಯೋ ಸ್ಟೇಟ್‌ಗೆ. ಇಂಡಿಯಾನಾಪೊಲಿಸ್‌ನ ಕೈಲ್ ಗೈ ವರ್ಜೀನಿಯಾಕ್ಕೆ. 2019ರ ಸೆಮಿಫೈನಲ್ಲಿನಲ್ಲಿ ಒಂದು ಸೆಕೆಂಡೂ ಪೂರ್ತಿ ಉಳಿದಿಲ್ಲದಾಗ ಮೂರಕ್ಕೆ ಮೂರೂ ಫ್ರೀ ಥ್ರೋ ಹಾಕಿ, ಎರಡು ಅಂಕ ಹಿಂದಿದ್ದ ತಂಡವನ್ನು ಗೆಲ್ಲಿಸಿ, ಫೈನಲ್ಲೂ ಗೆದ್ದುಕೊಟ್ಟವನು ಅವನೇ.

ಹಾಗಿದ್ದರೆ ಬ್ಲೂಮಿಂಗ್ಟನ್ನಿನವರು ಯಾರನ್ನು ಆಡಿಸಿ ಗೆದ್ದರು? 1981ರಲ್ಲಿ ಅವರನ್ನು ಗೆಲ್ಲಿಸಿದ ಐಸೇಯಾ ಥಾಮಸ್ ಶಿಕಾಗೊದವನು. 1976ರಲ್ಲಿ ಒಂದೂ ಸೋಲದೆ ಗೆದ್ದ ತಂಡದ ಕ್ವಿನ್ ಬಕ್ನರ್ ಕೂಡ ಇಲಿನಾಯ್ ಕಡೆಯವನು. ಮನೆಮಗಳನ್ನು ಪರಊರಿಗೆ ಕೊಟ್ಟು ಪರಊರ ಸೊಸೆಯನ್ನು ತಂದುಕೊಂಡು, ಆಮೇಲೆ ಅಡುಗೆ ಹೊಗಳುವಾಗ ‘ನಮ್ಮ ಮನೆತನದ ಕೈರುಚಿ’ ಎನ್ನುವವರ ಹಾಗಾಯಿತು ಇದು. ನಾನು ಇದನ್ನು ಅವರಿಗೆ ಅವರ ಭಾಷೆಯಲ್ಲಿ ವಿವರಿಸಲು ಹೋಗಿ, ಯಾರ ಮದುವೆ, ಯಾರು ಅಡುಗೆ ಎಂಬಲ್ಲಿ ಸಿಕ್ಕಿಹಾಕಿಕೊಂಡು, ಸುಮ್ಮನಾದೆ.

ಸ್ವಂತ ಬೆಳೆ ಎಂದು ಎದೆ ತಟ್ಟಿಕೊಳ್ಳಲು ಬ್ಲೂಮಿಂಗ್ಟನ್ನಿನವರಿಗೆ ಸ್ಟೀವ್ ಆಲ್ಫರ್ಡ್ ಇದ್ದಾನೆ. ಊರು ನ್ಯೂ ಕ್ಯಾಸಲ್. ಹದಿನೇಳು-ಹದಿನೆಂಟು ಸಾವಿರ ಜನರ ಆ ಊರಿನ ಹೈಸ್ಕೂಲಿನ ಒಳಾಂಗಣದಲ್ಲಿ 8,000ಕ್ಕೂ ಹೆಚ್ಚು ಜನ ಕೂರಬಹುದು. ಅಂದರೆ ಊರಿನ ಹತ್ತಿರಹತ್ತಿರ ಅರ್ಧದಷ್ಟು ಜನ ಒಳಗೆ. ಆಲ್ಫರ್ಡ್‌ನ ಅಪ್ಪನೇ ಅಲ್ಲಿ ತರಬೇತುದಾರನಾಗಿದ್ದ. 1987ರ ರಾಷ್ಟ್ರೀಯ ಫೈನಲ್ಲಿನಲ್ಲಿ ಮೂರು ಅಂಕದ ಗೆರೆಯಾಚೆಯಿಂದ ಹತ್ತು ಎಸೆದು ಏಳು ಹಾಕಿದ. ಅಷ್ಟಾಗಿಯೂ ಪಂದ್ಯ ಕೈ ಜಾರುವ ಹಂತಕ್ಕೆ ಬಂದು, ಕೊನೆಯ ಸೆಕೆಂಡುಗಳಲ್ಲಿ ಚೆಂಡು ಸಿಕ್ಕಿದ್ದು ಲೂಯಿಸಿಯಾನಾದಿಂದ ಬಂದಿದ್ದ ಕೀತ್ ಸ್ಮಾರ್ಟ್‌ಗೆ. ಹಾಕಿದ. 74–73. ಇಂದಿಗೂ ಟಿವಿಯಲ್ಲಿ ತೋರಿಸುವುದು ಆ ಒಂದು ಎಸೆತವನ್ನೇ. ಆಲ್ಫರ್ಡ್‌ನ ಏಳನ್ನು ನೆನಪಿಟ್ಟುಕೊಂಡವರು ಕ್ಷೌರದಂಗಡಿಯಲ್ಲಿ ಸಿಗುತ್ತಾರೆ.

ಡೇಮನ್ ಬೇಲಿಯ ವಿಷಯ ಬಂದಾಗ ವಾದ ಸ್ವಲ್ಪ ಮೆತ್ತಗಾಗುತ್ತದೆ. ಅವನು ಎಂಟನೆಯ ತರಗತಿಯಲ್ಲಿರುವಾಗಲೇ ಬ್ಲೂಮಿಂಗ್ಟನ್ನಿನ ಮಹಾಕೋಪಿಷ್ಠ ತರಬೇತುದಾರ ಬಾಬ್ ನೈಟ್ ನೋಡಲು ಹೋಗಿದ್ದರು. 1990ರ ಹೈಸ್ಕೂಲು ಫೈನಲ್ಲಿಗೆ ಬಂದಿದ್ದವರು 41,046 ಜನ. ನೆನಪಿರಲಿ, ಅದು ಹೈಸ್ಕೂಲು ಪಂದ್ಯ. ಬೇಲಿ ತನ್ನ ತಂಡದ ಕೊನೆಯ ಹನ್ನೊಂದು ಅಂಕಗಳನ್ನೂ ತಾನೇ ಹೊಡೆದು ಗೆಲ್ಲಿಸಿದ. ಮುಂದೆ ಬ್ಲೂಮಿಂಗ್ಟನ್ನಿನಲ್ಲಿ ನಾಲ್ಕು ವರ್ಷ ಚೆನ್ನಾಗಿಯೇ ಆಡಿದ. ಎನ್‌ಬಿಎ ಲೀಗಿನಲ್ಲಿ ಮಾತ್ರ ಒಂದು ಪಂದ್ಯವೂ ಆಡಲಿಲ್ಲ. ಪರ್ಡ್ಯೂ ರಾಯರಿಗೆ ಇದು ಸೋಲು. ನನಗೆ ಹಾಗನ್ನಿಸುವುದಿಲ್ಲ. ಹದಿನಾಲ್ಕರ ಹುಡುಗನ ತಲೆಯ ಮೇಲೆ ಇಡೀ ರಾಜ್ಯ ಹತ್ತಿ ಕೂತಿದ್ದೂ ಅವನು ಎಂಟು ವರ್ಷ ನೆಟ್ಟಗೆ ನಿಂತು ಆಡಿದನಲ್ಲ, ಎರಡನೆಯ ಸ್ಥಾನಕ್ಕೆ ನಾನಾದರೆ ಅವನ ಹೆಸರನ್ನೂ ಬರೆಯುತ್ತೇನೆ. ಓದುಗರು ಒಪ್ಪಬೇಕಾಗಿಲ್ಲ, ಅಂಗಡಿಯಲ್ಲಂತೂ ಯಾರೂ ಒಪ್ಪಿಲ್ಲ.

ಬಾಬಿ ಪ್ಲಂಪ್‌ನನ್ನು ಮಾತ್ರ ಎರಡೂ ಪಕ್ಷದವರು ಮುಟ್ಟುವುದಿಲ್ಲ. ಮೈಲನ್ ಎಂಬ ಪುಟ್ಟ ಊರಿನ, 161 ಮಕ್ಕಳ ಹೈಸ್ಕೂಲು 1954ರಲ್ಲಿ ದೊಡ್ಡ ಊರಾದ ಮನ್ಸಿಯ ತಂಡವನ್ನು 32–30ರಿಂದ ಸೋಲಿಸಿದ ಕಥೆ ಅದು. 1986ರ ‘ಹೂಸಿಯರ್ಸ್’ ಸಿನಿಮಾ ಹುಟ್ಟಿದ್ದು ಇದರಿಂದಲೇ. ಕೊನೆಯ ಎಸೆತ ಪ್ಲಂಪ್‌ನದು. ನನಗೆ ಅದಕ್ಕಿಂತ ಪ್ರಿಯವಾದದ್ದು ಅದಕ್ಕೂ ಮುಂಚಿನ ನಾಲ್ಕು ನಿಮಿಷ. ಎಸೆತಕ್ಕೆ ಕಾಲಮಿತಿ ಇಲ್ಲದ ಕಾಲ. ತಂಡ ಹಿಂದಿದೆ, ಆದರೂ ಪ್ಲಂಪ್ ಚೆಂಡನ್ನು ಸೊಂಟದ ಹತ್ತಿರ ಹಿಡಿದುಕೊಂಡು ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಸುಮ್ಮನೆ ನಿಂತ. ಪುಟಿಸಲಿಲ್ಲ, ಪಾಸ್ ಕೊಡಲಿಲ್ಲ, ಎಸೆಯಲಿಲ್ಲ. ಬಟ್ಲರ್ ಫೀಲ್ಡ್‌ಹೌಸಿನ ಸಾವಿರಾರು ಜನ ಒಬ್ಬ ಹುಡುಗ ಏನೂ ಮಾಡದಿರುವುದನ್ನು ಉಸಿರು ಬಿಗಿಹಿಡಿದು ನೋಡಿದರು. ಮುಂದೆ ಅವನು ಬಟ್ಲರ್ ಕಾಲೇಜಿಗೇ ಆಡಿದ. ಇಂಡಿಯಾನಾಪೊಲಿಸ್‌ನಲ್ಲಿ ಆ ಕೊನೆಯ ಎಸೆತದ ಹೆಸರಿನಲ್ಲೇ ಹೋಟೆಲೂ ಶುರುವಾಯಿತು.

ಈ ಪಟ್ಟಿಯನ್ನು ಒಂದು ಭಾನುವಾರ ಕಾಗದದ ಮೇಲೆ ಬರೆದು ಊಟದ ಮೇಜಿನ ಮೇಲಿಟ್ಟಿದ್ದೆ. ಹೆಂಡತಿ ಸಾರು ಬಡಿಸುತ್ತಾ ಓದಿದಳು. ‘ಪರ್ಡ್ಯೂ ಗಂಡಸರು ಆ ರಾಷ್ಟ್ರೀಯ ಟೂರ್ನಿ ಗೆದ್ದಿದಾರೇನ್ರೀ?’

‘ಇಲ್ಲ. 2024ರಲ್ಲಿ ಫೈನಲ್ಲಿಗೆ ಹೋಗಿದ್ದರು. ನಮ್ಮ ವೆಸ್ಟ್‌ಫೀಲ್ಡಿನ ಹುಡುಗ ಬ್ರೇಡನ್ ಸ್ಮಿತ್...’

‘ಗೆದ್ರಾ?’

‘ಇಲ್ಲ.’

‘ಹೆಂಗಸರು 1999ರಲ್ಲೇ ಗೆದ್ದಿದಾರಲ್ಲ. ಸ್ಟೆಫನಿ ವೈಟ್, ಕೇಟಿ ಡಗ್ಲಸ್, ಇಬ್ಬರೂ ಇದೇ ರಾಜ್ಯದವರು, ಇಬ್ಬರೂ ಗಾರ್ಡೇ ಅಲ್ವಾ? ಗೆದ್ದವರನ್ನ ಬಿಟ್ಟು ಸೋತವರ ಪಟ್ಟಿ ಮಾಡಿದೀರಲ್ಲ.’

ಸಾರಿಗೆ ತುಪ್ಪ ಹಾಕಿಕೊಳ್ಳುವ ನೆವದಲ್ಲಿ ನಾನು ತಲೆ ತಗ್ಗಿಸಿದೆ. ವೆಸ್ಟ್ ಲೆಬನನ್ ಎಂಬ ಹಳ್ಳಿಯಿಂದ ಬಂದ ಸ್ಟೆಫನಿ ವೈಟ್ ಈಗ ಇಂಡಿಯಾನಾ ಫೀವರ್ ತಂಡದ ತರಬೇತುದಾರಳು. 2024ರಿಂದ ಆ ತಂಡದ ಒಬ್ಬ ಗಾರ್ಡನ್ನು ನೋಡಲು ಜನ ಮುಗಿಬಿದ್ದು ಟಿಕೆಟ್ ಕೊಳ್ಳುತ್ತಿದ್ದಾರೆ. ಅವಳು ಕೇಟ್ಲಿನ್ ಕ್ಲಾರ್ಕ್, ಅಯೋವಾದವಳು.

ಮುಂದಿನ ಕ್ಷೌರಕ್ಕೆ ಹೋದಾಗ ಹೆಂಡತಿಯ ವಾದವನ್ನು ನನ್ನದೇ ಎಂಬಂತೆ ಮಂಡಿಸಿದೆ. ಪರ್ಡ್ಯೂ ರಾಯರು ಕುರ್ಚಿಯಿಂದ ಅರ್ಧ ಎದ್ದರು. ‘ಹೌದಲ್ಲ! ಎರಡನೆಯ ಸ್ಥಾನಕ್ಕೆ ಸ್ಟೆಫನಿಯೇ. ನಾನು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದೆ.’

‘ಯಾವಾಗ ಹೇಳಿದಿರಿ?’ ಎಂದರು ಬ್ಲೂಮಿಂಗ್ಟನ್ನಿನವರು.

‘ನಿಮಗೆ ಕಿವಿ ಕೇಳಿಸಿದ್ದರೆ ತಾನೆ.’

ಅಂಗಡಿಯಾತ ಕತ್ತರಿ ಕೆಳಗಿಟ್ಟು, ಅವಳ ಎಸೆತ ಹೇಗಿರುತ್ತಿತ್ತು ಎಂದು ಬಾಚಣಿಗೆ ಕೈಗೆತ್ತಿಕೊಂಡ.